ಸಿದ್ದಗಂಗಮ್ಮ ತಂಗಿದ ಮನೆ

ರಾಣೆಬೆನ್ನೂರು
12 ಏಪ್ರಿಲ್ 1973

ಪ್ರೀತಿಯ ಶಾಂತಾ,

ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರಬೇಕು. ತಿಪಟೂರಿನ ಹೈಸ್ಕೂಲಿನಲ್ಲಿ ನಿನ್ನ ಪಕ್ಕ ಕೂತು ನಿನ್ನ ಭೂಪಟಗಳಿಗೆಲ್ಲ ಬಣ್ಣ ಹಚ್ಚಿಕೊಟ್ಟ ಹಾಸ್ಟೆಲ್ಲಿನ ತಿಮ್ಮಕ್ಕ. ನರ್ಸ್ ಟ್ರೈನಿಂಗ್ ಮುಗಿಸಿ ಈಗ ಇಲ್ಲಿಯ ಆಸ್ಪತ್ರೆಯಲ್ಲಿದ್ದೇನೆ. ನೀನು ಮಾಯಸಂದ್ರದಿಂದ ಮದುವೆಯಾಗಿ ತಿಪಟೂರಿನ ಕೊಬ್ಬರಿ ಮಂಡಿಯವರ ಮನೆ ಸೇರಿದೆ ಎಂದು ರೈಲಿನಲ್ಲಿ ಸಿಕ್ಕ ನಮ್ಮ ಹಳೆಯ ವಾರ್ಡನ್ ಹೇಳಿದರು. ವಿಳಾಸ ಕೊಟ್ಟವರೂ ಅವರೇ.

ಹುಳಿಯಾರಿನ ಹತ್ತಿರದ ನಮ್ಮೂರಿಗೆ ಹೋಗುವಾಗಲೆಲ್ಲ ನಾನು ತಿಪಟೂರಿನಲ್ಲಿ ರೈಲು ಇಳಿಯುತ್ತೇನೆ. ಅಷ್ಟು ಹೊತ್ತಿಗೆ ಹುಳಿಯಾರಿನ ಕೊನೆಯ ಬಸ್ಸು ಹೋಗಿರುತ್ತದೆ. ಮೊದಲ ಸಲ ಪೇಟೆಯ ಒಂದು ಛತ್ರಕ್ಕೆ ಹೋಗಿ ಕೇಳಿದೆ. ಬಾಗಿಲಲ್ಲಿ ಕೂತಿದ್ದ ಮುದುಕ "ಯಾರ ಪೈಕಿ ತಾಯಿ?" ಎಂದ. ಹೇಳಿದೆ. "ಜಾಗ ಇಲ್ವಲ್ಲವ್ವ" ಎಂದ. ಅವನ ಹಿಂದೆ ಅಂಗಳವೆಲ್ಲ ಖಾಲಿ ಕಾಣುತ್ತಿತ್ತು. ಅಂದಿನಿಂದ ಸ್ಟೇಷನ್ನಿನ ಬೆಂಚೇ ಗತಿ. ಹೋದ ಸಲ ಯಾರೋ ಕುಡಿದವನು ಬಂದು ಎದುರಿನಲ್ಲೇ ಕೂತುಬಿಟ್ಟ. ಬೆಳಗಾಗುವವರೆಗೆ ಕೈಯಲ್ಲಿ ಕತ್ತರಿ ಹಿಡಿದುಕೊಂಡು ಕೂತಿದ್ದೆ.

ಮುಂದಿನ ತಿಂಗಳು ಮತ್ತೆ ಬರುವುದಿದೆ. ನಿಮ್ಮ ಮನೆಯ ಜಗಲಿಯಲ್ಲಿ ಒಂದು ರಾತ್ರಿ ಜಾಗ ಸಿಕ್ಕೀತೇ? ನಮ್ಮ ಕೇರಿ ಯಾವುದೆಂದು ನಿನಗೆ ಗೊತ್ತು. ಆಗದು ಎಂದಾದರೆ ಹಾಗೆಂದೇ ಬರಿ. ನಾನೇನೂ ತಿಳಿದುಕೊಳ್ಳುವುದಿಲ್ಲ.

ನಿನ್ನ
ತಿಮ್ಮಿ


ತಿಪಟೂರು
20 ಏಪ್ರಿಲ್ 1973

ನನ್ನ ತಿಮ್ಮೀ,

ನಾನು ಈ ಊರಿನಲ್ಲಿರುವಾಗ ನೀನು ಸ್ಟೇಷನ್ನಿನ ಬೆಂಚಿನ ಮೇಲೆ ಮಲಗಿದೆಯಾ? ಓದಿ ನಾಚಿಕೆಯಾಯಿತು ಕಣೇ. ನಮ್ಮ ಮನೆ ನೋಡಿದರೆ ನೀನೇ ನಗುತ್ತೀ. ಸಂತೆಯ ಹಿಂದಿನ ದಿನ ಹಳ್ಳಿಗಳಿಂದ ಕೊಬ್ಬರಿ ಗಾಡಿ ಹೊಡೆದುಕೊಂಡು ಬಂದವರು ಜಗಲಿಯ ತುಂಬ ಮಲಗಿರುತ್ತಾರೆ. ಅಟ್ಟದ ಮೇಲೆ ದಿಲ್ಲಿ, ಕಾನಪುರದ ವ್ಯಾಪಾರಿಗಳು. ಅವರಿಗೆ ಅಟ್ಟದಲ್ಲಿ ಒಣಗುವ ಕೊಬ್ಬರಿಯ ವಾಸನೆಯಿಲ್ಲದೆ ನಿದ್ದೆ ಬರುವುದಿಲ್ಲವಂತೆ. ನಮ್ಮತ್ತೆ ಕಲ್ಲಮ್ಮನವರು ಎಲ್ಲರಿಗೂ ಬಡಿಸಿ, ಎಲ್ಲರ ಊರು, ಮನೆತನ, ಮಕ್ಕಳು ಮರಿ ಎಲ್ಲ ವಿಚಾರಿಸಿಕೊಂಡು ಆಮೇಲೆ ತಾವು ಉಣ್ಣುತ್ತಾರೆ. ಇಂಥ ಮನೆಯಲ್ಲಿ ನಿನಗೆ ಜಾಗವಿಲ್ಲವೇ?

ಒಂದೇ ಒಂದು ಮಾತು. ಜಗಲಿ ಗಂಡಸರದು, ಅಲ್ಲಿ ನಿನ್ನನ್ನು ಮಲಗಿಸಲಾರೆ. ಒಳಗೆ ಮಲಗಬೇಕೆಂದರೆ ಅತ್ತೆ ಯಾರ ಪೈಕಿ ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ನಾನೇ ಮೊದಲು ಹೇಳಿಬಿಟ್ಟಿದ್ದೇನೆ. ನನ್ನ ಜೊತೆ ಓದಿದವಳು, ನಮ್ಮವರೇ, ಸಿದ್ದಗಂಗಮ್ಮ ಅಂತ, ಹುಳಿಯಾರು ಕಡೆಯವಳು ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಕೊರಳಲ್ಲಿ ಲಿಂಗ ಯಾಕಿಲ್ಲ ಎಂದು ಕೇಳಿದರೆ, ಆಸ್ಪತ್ರೆಯಲ್ಲಿ ಏನೂ ಹಾಕಿಕೊಳ್ಳಲು ಬಿಡುವುದಿಲ್ಲ ಎನ್ನು. ಒಂದು ರಾತ್ರಿಯ ಮಾತು. ನನಗಂತೂ ನೀನು ತಿಮ್ಮಿಯೇ.

ನಿನ್ನ ದಾರಿ ಕಾಯುವ
ಶಾಂತಾ


ರಾಣೆಬೆನ್ನೂರು
3 ಜೂನ್ 1973

ಶಾಂತಾ,

ಸುಖವಾಗಿ ಬಂದು ಸೇರಿದೆ. ಅಂಥ ನಿದ್ದೆ ನಾನು ಪ್ರಯಾಣದಲ್ಲಿ ಎಂದೂ ಮಾಡಿರಲಿಲ್ಲ. ನಡುಮನೆಯ ತಂಪು, ಮೇಲೆ ಅಟ್ಟದಲ್ಲಿ ಇಲಿ ಓಡಾಡಿದಾಗ ಉರುಳುವ ಕೊಬ್ಬರಿ ಗಿಟಕುಗಳ ಸದ್ದು. ನಾವಿಬ್ಬರೂ ಹಾಸ್ಟೆಲ್ಲಿನ ಸಾರು ನೆನೆಸಿಕೊಂಡು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದು ಇನ್ನೂ ಮರೆತಿಲ್ಲ.

ನಿಮ್ಮತ್ತೆಯವರು ಹೆದರಿಸುವಂಥವರು ಎಂದುಕೊಂಡು ಬಂದಿದ್ದೆ. ಬೆಳಿಗ್ಗೆ ನಾನು ಹೊರಟಾಗ ಹಣೆಗೆ ತಾವೇ ವಿಭೂತಿ ಹಚ್ಚಿ, "ಹೆಣ್ ಮಗ್ಳು ಒಬ್ಳೇ ಅಷ್ಟ್ ದೂರ ಹೋಯ್ತೀಯಲ್ಲ, ಸಿವ ಕಾಯ್ಲಿ ಕಣವ್ವ" ಎಂದರು. ಬಸ್ಸಿನಲ್ಲಿ ಹಣೆ ಒರೆಸಿಕೊಳ್ಳಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಊರು ಬಂತು. ಒರೆಸಿಕೊಂಡೆ.

ಅವರು "ಸಿದ್ದಗಂಗಾ" ಎಂದು ಕರೆದಾಗ ಎರಡು ಮೂರು ಸಲ ನನಗೆ ಕೇಳಿಸಲೇ ಇಲ್ಲ. ಹುಡುಗಿಗೆ ಕಿವಿ ಸ್ವಲ್ಪ ಮಂದ ಎಂದುಕೊಂಡಿರಬೇಕು.

ದೀಪಾವಳಿಗೆ ಮತ್ತೆ ಬರುತ್ತೇನೆ.

ನಿನ್ನ
ತಿಮ್ಮಿ


ತಿಪಟೂರು
9 ನವೆಂಬರ್ 1975

ತಿಮ್ಮೀ,

ಅತ್ತೆ ಈಗ ಎದ್ದು ಓಡಾಡುತ್ತಿದ್ದಾರೆ. ನೀನು ದೇವರು ಕಳಿಸಿದ ಹಾಗೆ ಆ ಸಂಜೆ ಬಂದೆ. ನಾವು ಬರೀ ಜ್ವರವೆಂದು ಕಷಾಯ ಕುಡಿಸುತ್ತಿದ್ದೆವು. ನೋಡಿದ ಕೂಡಲೇ ಟೈಫಾಯಿಡ್ ಎಂದು ನೀನು ಹೇಳದಿದ್ದರೆ ಏನಾಗುತ್ತಿತ್ತೋ. ನಿನ್ನ ರಜೆಯನ್ನೆಲ್ಲ ಅವರ ಮಂಚದ ಪಕ್ಕ ಕಳೆದು, ಊರಿಗೂ ಹೋಗದೆ ಹಿಂದಿರುಗಿದೆಯಲ್ಲ, ಆ ಋಣ ನನ್ನ ಮೇಲಿದೆ.

ಈಗ ಅವರಿಗೆ ಬಾಯಿ ತೆಗೆದರೆ ನಿನ್ನದೇ ಮಾತು. ಗಂಜಿಯಲ್ಲಿ ಉಪ್ಪು ಹೆಚ್ಚಾದರೆ "ಸಿದ್ದಗಂಗಾ ಮಾಡ್ದಂಗೆ ಯಾರ್ ಮಾಡ್ತಾರೆ ಬುಡು" ಎನ್ನುತ್ತಾರೆ. ಇವರ ಹತ್ತಿರವೂ "ಬಸವರಾಜಪ್ಪ, ಆ ಹುಡ್ಗಿ ನಿನ್ ತಂಗಿ ಅಂತ ತಿಳ್ಕೊ ಕಣಪ್ಪ" ಎಂದು ಹೇಳಿದ್ದಾರೆ. ನಿನಗೆಂದು ಒಂದು ಇಳಕಲ್ ಸೀರೆ ತೆಗೆದಿಟ್ಟಿದ್ದಾರೆ. ಒಮ್ಮೊಮ್ಮೆ ನನಗೇ ಹೊಟ್ಟೆಕಿಚ್ಚು.

ಬಸ್ ಸ್ಟ್ಯಾಂಡಿನ ಎದುರು ಒಂದು ಲಾಡ್ಜು ಏಳುತ್ತಿದೆ. ಮೂರು ಅಂತಸ್ತಂತೆ. ನಮ್ಮ ಕಾನಪುರದ ವ್ಯಾಪಾರಿಯೊಬ್ಬರು ಈ ಸಲ ಅಟ್ಟಕ್ಕೆ ಬರುವ ಮೊದಲು ಅದರ ಮುಂದೆ ನಿಂತು ನೋಡಿ ಬಂದರು. ಅತ್ತೆಗೆ ಕೋಪ. "ದುಡ್ಡು ಕೊಟ್ಟು ಮಲಿಕ್ಕಳೋದು ಒಂದ್ ಮನೇನಾ?" ಎಂದರು.

ಬೇಗ ಬಾ.

ಶಾಂತಾ


ತಿಪಟೂರು
18 ಫೆಬ್ರವರಿ 1977

ತಿಮ್ಮೀ,

ನೀನು ಹೋದ ಮೇಲೆ ನನ್ನ ಎದೆ ಹೊಡೆದುಕೊಳ್ಳುವುದು ನಿಲ್ಲಲು ಎರಡು ದಿನ ಬೇಕಾಯಿತು. ನಿಮ್ಮಪ್ಪನಿಗೆ ನಮ್ಮ ಮನೆಯ ಗುರುತು ಯಾಕೆ ಹೇಳಿದೆ? ನಿಮ್ಮಮ್ಮನಿಗೆ ಕಾಯಿಲೆ ಜೋರಾಗಿ, ನಿನ್ನನ್ನು ಕರೆದುಕೊಂಡು ಹೋಗಲು ಬಂದ ಸರಿ. ಆದರೆ ಹಾಗೆ ಬೀದಿಯಲ್ಲಿ ನಿಂತು, "ನಮ್ ತಿಮ್ಮಕ್ಕ ಅವ್ಳಾ ತಾಯಿ?" ಎಂದು ಕೂಗಿದರೆ?

ಅತ್ತೆ ಜಗಲಿಯಲ್ಲೇ ಇದ್ದರು. "ಯಾವ ತಿಮ್ಮಕ್ಕನೋ?" ಎಂದರು. ನಾನು ಒಳಗಿಂದ ಓಡಿ ಬಂದು, "ಆ ಹೆಸ್ರಿನೋರು ಇಲ್ಯಾರೂ ಇಲ್ಲ ಕಣಪ್ಪ, ಬಸ್ ಸ್ಟ್ಯಾಂಡ್‌ತವ ನೋಡು ಹೋಗು" ಎಂದು ಕಣ್ಣು ಮಾಡಿದೆ. ಅವನಿಗೆ ತಿಳಿಯಿತು. ಪುಣ್ಯಾತ್ಮ, ಒಂದು ಮಾತನ್ನೂ ಆಡದೆ ಟವಲು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ನೀನೂ ಎದ್ದು ಬರದೆ ಕೂತಲ್ಲೇ ಕೂತು ಬುದ್ಧಿವಂತಿಕೆ ಮಾಡಿದೆ. ಅತ್ತೆಗೆ ಒಂದಿಷ್ಟೂ ಅನುಮಾನ ಬಂದಿಲ್ಲ.

ಹೇಗೋ ಸಂಭಾಳಿಸಿದೆ ಅನ್ನು. ಇನ್ನು ಮುಂದೆ ಅವನಿಗೆ ನೇರ ಬಸ್ ಸ್ಟ್ಯಾಂಡಿಗೇ ಬರಲು ಹೇಳು. ನಿಮ್ಮಮ್ಮ ಹೇಗಿದ್ದಾರೆ?

ಶಾಂತಾ


ರಾಣೆಬೆನ್ನೂರು
4 ಮಾರ್ಚ್ 1977

ಶಾಂತಾ,

ಕಾಗದ ಬಂತು. ಅಮ್ಮ ಗುಣವಾಗಿದ್ದಾಳೆ. ಆಸ್ಪತ್ರೆಯಲ್ಲಿ ಕೆಲಸ ಹೆಚ್ಚು. ಸದ್ಯಕ್ಕೆ ಊರ ಕಡೆ ಬರುವುದಿಲ್ಲ.

ತಿಮ್ಮಕ್ಕ


ತಿಪಟೂರು
11 ಜೂನ್ 1978

ತಿಮ್ಮಕ್ಕನಿಗೆ,

ನಾನು ಬರೆದ ಕಾಗದಗಳಿಗೆ ವರ್ಷದಿಂದ ಉತ್ತರವಿಲ್ಲ. ಕೆಲಸವಿದ್ದೀತು ಎಂದುಕೊಂಡೆ. ಮೊನ್ನೆ ನಮ್ಮ ಮಂಡಿಯ ಗುಮಾಸ್ತರು ಬಂದು ಹೇಳಿದ್ದು ಕೇಳು. "ನಿಮ್ಮನೇಗೆ ಬತ್ತಿದ್ರಲ್ಲ ನರ್ಸಮ್ಮ, ಹೊಸ ಲಾಡ್ಜಿನಿಂದ ಬೆಳಿಗ್ಗೆ ಇಳಿದು ಬಂದ್ರು ಕಣ್ರೀ. ಜೊತೇಲಿ ಯಾರೋ ಗಂಡ್ಸು" ಎಂದರು. ಅತ್ತೆಯ ಕಿವಿಗೆ ಬೀಳದ ಹಾಗೆ ಅವರ ಬಾಯಿ ಮುಚ್ಚಿಸಲು ನಾನು ಪಟ್ಟ ಪಾಡು ನನಗೇ ಗೊತ್ತು.

ಈ ಊರಿಗೆ ಬಂದು, ನಮ್ಮ ಮನೆ ಇಟ್ಟುಕೊಂಡು, ಲಾಡ್ಜಿಗೆ ಹೋದೆಯಾ? ಸಂಬಳ ಏರಿದ ಮೇಲೆ ನಮ್ಮ ನಡುಮನೆಯ ಚಾಪೆ ಚುಚ್ಚತೊಡಗಿತೇ? ಅಲ್ಲಿ ಎಂಥೆಂಥವರು ಬಂದು ಹೋಗುತ್ತಾರೆ ಎಂದು ಗೊತ್ತಿಲ್ಲವೇ? ಮದುವೆಯಾಗದ ಹೆಣ್ಣು ಗಂಡಸಿನ ಜೊತೆ ಲಾಡ್ಜಿನ ಮೆಟ್ಟಿಲು ಇಳಿದರೆ ಊರು ಏನನ್ನುತ್ತದೆ? ನಿನ್ನ ಜೀವನ ನಿನ್ನದು. ಆದರೆ ನಮ್ಮ ಮನೆಗೆ ಬಂದು ಹೋಗುವವಳು ಎಂದು ಜನ ಗುರುತಿಸುತ್ತಾರೆ, ಅಷ್ಟು ನೆನಪಿದ್ದರೆ ಸಾಕಿತ್ತು.

ಶಾಂತಕುಮಾರಿ


ರಾಣೆಬೆನ್ನೂರು
25 ಜೂನ್ 1978

ಶಾಂತಾ,

ನನ್ನ ಜೊತೆ ಲಾಡ್ಜಿನ ಮೆಟ್ಟಿಲು ಇಳಿದ ಗಂಡಸು ನಮ್ಮಪ್ಪ ಕೆಂಚಯ್ಯ. ನಿನಗೆ ಅವನ ಪರಿಚಯವಿದೆ. ನಿಮ್ಮ ಜಗಲಿಯ ಕೆಳಗೆ ನಿಂತಿದ್ದ.

ಆ ದಿನದ ಬಗ್ಗೆ ಬರೆಯಬಾರದೆಂದಿದ್ದೆ. ನೀನೇ ಬರೆಸುತ್ತಿದ್ದೀ. ಅಪ್ಪ ಬಂದಾಗ ನಾನು ಅಡಿಗೆಮನೆಯಲ್ಲಿ ಅಕ್ಕಿ ರೊಟ್ಟಿ ತಿನ್ನುತ್ತಿದ್ದೆ. ಅವನ ಧ್ವನಿ ನನಗೆ ಗೊತ್ತಾಗದೇ ಇರುತ್ತದೆಯೇ? ಎದ್ದೆ. ಅಷ್ಟರಲ್ಲಿ ಆ ಹೆಸರಿನವರು ಇಲ್ಲಿಲ್ಲ ಎಂದು ನೀನು ಹೇಳುವುದು ಕೇಳಿಸಿತು. ಮತ್ತೆ ಕೂತೆ. ಅದನ್ನು ನೀನು ಬುದ್ಧಿವಂತಿಕೆ ಎಂದು ಬರೆದೆ. ಬಾಯಲ್ಲಿದ್ದ ರೊಟ್ಟಿ ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ. ನಿಮ್ಮತ್ತೆ ಒಳಗೆ ಬಂದು ಇನ್ನೊಂದು ಹಾಕಿದರು.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕಲ್ಲಿನ ಮೇಲೆ ಕೂತಿದ್ದ. ಬೈಯುತ್ತಾನೆ ಎಂದುಕೊಂಡೆ. "ಉಂಡ್ಯಾ ಮಗಾ?" ಎಂದ, ಅಷ್ಟೇ. ಚಿಕ್ಕನಾಯಕನಹಳ್ಳಿ ದಾಟುವವರೆಗೆ ಕಿಟಕಿಯ ಕಡೆಯೇ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ, "ಆ ಮನೇಲಿ ನಿನ್ ಹೆಸ್ರೇನವ್ವ?"

ನಾನು ಸೆರಗಿನಿಂದ ಹಣೆಯ ವಿಭೂತಿ ಒರೆಸಿಕೊಂಡೆ. ಅವನು ಮತ್ತೆ ಕೇಳಲಿಲ್ಲ.

ಈ ವರ್ಷ ಅವನ ಕಣ್ಣಿನ ಪೊರೆ ತೆಗೆಸಲು ನಮ್ಮ ಆಸ್ಪತ್ರೆಗೆ ಕರೆದುಕೊಂಡು ಬಂದಿದ್ದೆ. ತಿರುಗಿ ಹೋಗುವಾಗ ತಿಪಟೂರಿನಲ್ಲಿ ಕತ್ತಲಾಯಿತು. ಲಾಡ್ಜಿಗೆ ಹೋದೆವು. ಮೇಜಿನ ಹಿಂದಿದ್ದವರು ಹೆಸರು ಕೇಳಿದರು, ಊರು ಕೇಳಿದರು. ತಿಮ್ಮಕ್ಕ ಎಂದೆ. ಬರೆದುಕೊಂಡರು. ಅಪ್ಪನಿಗೇ ತಡೆಯಲಿಲ್ಲ. ಕೈಮುಗಿದು, "ನಾವು ಇಂಥೋರು ಕಣ್ರಪ್ಪ, ಆಮೇಕೆ ಗೊತ್ತಾಗಿ ಬೈಬ್ಯಾಡಿ" ಎಂದ. ಆ ಮನುಷ್ಯ ತಲೆಯೆತ್ತಿಯೂ ನೋಡಲಿಲ್ಲ. "ರೂಮು ಖಾಲಿ ಐತೆ ಯಜಮಾನ್ರೇ, ಮ್ಯಾಕೆ ಹೋಗಿ" ಎಂದರು.

ಅವರು ನಮ್ಮನ್ನು ಪ್ರೀತಿಯಿಂದ ಕಂಡರು ಎನ್ನುತ್ತಿಲ್ಲ. ವಿಭೂತಿ ಹಚ್ಚಲಿಲ್ಲ, ಊಟವಾಯಿತೇ ಎಂದು ಕೇಳಲಿಲ್ಲ. ದಿಂಬಿನಲ್ಲಿ ಯಾರದೋ ತಲೆಯೆಣ್ಣೆಯ ವಾಸನೆ. ಆದರೆ ಅಪ್ಪ ಮಂಚದ ಮೇಲೆ ಅಂಗಾತ ಮಲಗಿ ಫ್ಯಾನು ತಿರುಗುವುದನ್ನು ನೋಡುತ್ತಾ, ಗಳಿಗೆಗೊಮ್ಮೆ ನನ್ನನ್ನು ಕರೆದ. ಏನೂ ಕೆಲಸವಿರಲಿಲ್ಲ. "ತಿಮ್ಮಕ್ಕಾ" ಎನ್ನುವುದು, ನಾನು "ಏನಪ್ಪಾ" ಎನ್ನುವುದು, "ಏನಿಲ್ಲ ಮಲೀಕ್ಕಳವ್ವ" ಎನ್ನುವುದು.

ಚಾಪೆ ಚುಚ್ಚಲಿಲ್ಲ ಶಾಂತಾ.

ತಿಮ್ಮಕ್ಕ


ತಿಪಟೂರು
14 ಸೆಪ್ಟೆಂಬರ್ 1981

ತಿಮ್ಮೀ,

ಮೂರು ವರ್ಷದಿಂದ ನಿನ್ನ ಆ ಕಾಗದಕ್ಕೆ ಉತ್ತರ ಬರೆಯಲು ಕೂರುತ್ತೇನೆ, ಏಳುತ್ತೇನೆ. ಈಗಲೂ ಅದಕ್ಕೆ ಉತ್ತರ ಬರೆಯುತ್ತಿಲ್ಲ. ಬೇರೆ ವಿಷಯ ಹೇಳಬೇಕಾಗಿದೆ.

ನಮ್ಮ ಅಟ್ಟ ಖಾಲಿಯಾಗಿದೆ. ದಿಲ್ಲಿಯವರು ಬಂದವರೇ ಲಾಡ್ಜು ಸೇರುತ್ತಾರೆ. ಅಲ್ಲಿ ರೂಮಿನೊಳಗೇ ಬಚ್ಚಲು, ಕರೆದರೆ ಕಾಫಿ. ಹಳ್ಳಿಯವರು ಲಾರಿಯಲ್ಲಿ ಕೊಬ್ಬರಿ ಹಾಕಿಕೊಂಡು ಬೆಳಿಗ್ಗೆ ಬಂದು ಸಂಜೆ ಹೋಗುತ್ತಾರೆ. ಜಗಲಿಯಲ್ಲಿ ನಾಯಿಗಳು ಮಲಗುತ್ತವೆ ಎಂದು ಇವರು ಕಬ್ಬಿಣದ ಕಂಬಿ ಹಾಕಿಸಿದರು. ಅತ್ತೆ ಕಂಬಿಯೊಳಗೆ ಕೂತು ಹೋಗಿಬರುವವರನ್ನು ಕೂಗುತ್ತಾರೆ. ಯಾರೂ ನಿಲ್ಲುವುದಿಲ್ಲ. ಹಾಗಾಗಿ ಅವರಿಗೆ ನೆನಪು ಇರುವುದೆಲ್ಲ ನಿನ್ನದೇ. ಸಿದ್ದಗಂಗಾ ಯಾಕೆ ಬರುವುದಿಲ್ಲ, ನೀನೇನಾದರೂ ಅಂದೆಯಾ ಎಂದು ನನ್ನ ಪ್ರಾಣ ತಿಂದರು.

ಹೋದ ತಿಂಗಳು ಅವರ ತಮ್ಮನ ಮಗ ಶಂಭುಲಿಂಗಯ್ಯನಿಗೆ ಹೆಂಡತಿ ತೀರಿಕೊಂಡಳು. ಅತ್ತೆ ಒಂದೇ ಹಟ ಹಿಡಿದರು. ಸಿದ್ದಗಂಗಮ್ಮನನ್ನೇ ತಂದುಕೊಳ್ಳಬೇಕು, ಹುಳಿಯಾರಿಗೆ ಹೋಗಿ ಅವಳ ಮನೆಯವರನ್ನು ಕೇಳಿ ಬರುತ್ತೇನೆ ಎಂದರು. ಇವರು ಬಾಡಿಗೆ ಕಾರನ್ನೂ ಹೇಳಿಬಿಟ್ಟರು. ಯಾರ ಮನೆ, ಯಾವ ಬೀದಿ ಎಂದು ನನ್ನನ್ನು ಕೂರಿಸಿಕೊಂಡು ಕೇಳಿದರು. ನಾನೇನು ಮಾಡಲಿ ತಿಮ್ಮೀ? ನೀನು ತೀರಿಕೊಂಡೆ ಎಂದೆ. ಕಾಮಾಲೆಯಾಗಿ ಹೋದಳು, ನಿಮಗೆ ನೋವಾಗುತ್ತದೆಂದು ಹೇಳಿರಲಿಲ್ಲ ಎಂದೆ.

ಅವರು ಅಂದು ಉಣ್ಣಲಿಲ್ಲ. "ಒಂದ್ ಹಿಡಿ ಮಣ್ ಹಾಕಕ್ಕೂ ಆಗ್ನಿಲ್ವಲ್ಲೇ, ಎಂಥ ಕಲ್ಲು ನೀನು" ಎಂದು ನನ್ನನ್ನು ಬೈದು ಅತ್ತರು. ನಿನಗೆಂದು ಇಟ್ಟಿದ್ದ ಸೀರೆಯನ್ನು ಮಠದ ದಾಸೋಹಕ್ಕೆ ಬರುವ ಒಬ್ಬ ಬಡ ಹುಡುಗಿಗೆ ಕೊಟ್ಟರು.

ತಿಪಟೂರಿಗೆ ಬಂದರೆ ಮಂಡಿ ಬೀದಿಯಲ್ಲಿ ಓಡಾಡಬೇಡ. ಅವರ ಕಣ್ಣಿಗೆ ನೀನು ಬೀಳಬಾರದು. ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡ. ಎಲ್ಲರ ಮಾನ ಉಳಿಸಲು ಹೇಳಿದೆ.

ಶಾಂತಾ


ರಾಣೆಬೆನ್ನೂರು
1 ಅಕ್ಟೋಬರ್ 1981

ಶಾಂತಾ,

ಸಿದ್ದಗಂಗಮ್ಮ ಸತ್ತ ಸುದ್ದಿ ತಲುಪಿತು. ನಗಬೇಕೆಂದು ನೋಡಿದೆ. ಆಗಲಿಲ್ಲ. ಅವಳಿಗಾಗಿ ಅತ್ತ ಮುದುಕಿಯ ಮೇಲೆ ನನಗೆ ಸಿಟ್ಟು ಬರಲೊಲ್ಲದು. ಅವರು ಕೈಯಾರೆ ಹಚ್ಚಿದ ವಿಭೂತಿಯನ್ನು ಎಷ್ಟು ಸಲ ಬಸ್ಸಿನಲ್ಲಿ ಒರೆಸಿಕೊಂಡಿದ್ದೇನೋ.

ಅವರಿಗೆ ನಿಜ ಹೇಳುವ ದಾರಿ ಒಂದು ಇತ್ತು. ಅದು ನಿನ್ನ ತಲೆಗೆ ಬರಲೇ ಇಲ್ಲ. ಬೈಯುತ್ತಿದ್ದರೇನೋ, ಹಂಡೆ ನೀರು ಸುರಿದು ಮನೆ ತೊಳೆಸುತ್ತಿದ್ದರೇನೋ. ಆದರೆ ನಾನು ಬದುಕಿರುತ್ತಿದ್ದೆ.

ನಮ್ಮಪ್ಪನೂ ಈ ಬೇಸಿಗೆಯಲ್ಲಿ ತೀರಿಕೊಂಡ. ನಿನಗೆ ತಿಳಿಸಬೇಕೆಂದು ಅನ್ನಿಸಿರಲಿಲ್ಲ.

ತಿಮ್ಮಕ್ಕ


ತಿಪಟೂರು
20 ನವೆಂಬರ್ 1984

ನನ್ನ ತಿಮ್ಮೀ,

ಅತ್ತೆ ದಸರೆಯ ಹೊತ್ತಿಗೆ ಶಿವನ ಪಾದ ಸೇರಿದರು. ಕೊನೆಗೆ ಯಾರ ಗುರುತೂ ಸಿಗುತ್ತಿರಲಿಲ್ಲ. ನೀನು ಚಿಕ್ಕನಾಯಕನಹಳ್ಳಿಯ ಆಸ್ಪತ್ರೆಗೆ ವರ್ಗವಾಗಿ ಬಂದಿದ್ದೀ ಎಂದು ಗೊತ್ತಾದ ಮೇಲೂ ಬರೆಯಲು ಧೈರ್ಯ ಬಂದಿರಲಿಲ್ಲ. ಇಷ್ಟು ಹತ್ತಿರ ಬಂದೂ ದೂರದಲ್ಲೇ ಇದ್ದೇವಲ್ಲ.

ಇನ್ನು ಯಾವ ಅಡ್ಡಿಯೂ ಇಲ್ಲ ಕಣೇ. ಈಗ ಈ ಮನೆಗೆ ನಾನೇ ಯಜಮಾನಿ. ನೀನು ನಿನ್ನ ಹೆಸರಿನಲ್ಲೇ ಬಾ. ಇವರಿಗೂ ಎಲ್ಲ ಹೇಳಿದ್ದೇನೆ. "ಕಾಲ ಬದಲಾಗೈತೆ, ಬರ್ಲಿ ಬುಡು" ಎಂದರು. ಅಟ್ಟಕ್ಕೆ ಅಡ್ಡಗೋಡೆ ಹಾಕಿಸಿ ನಾಲ್ಕು ರೂಮು ಮಾಡಿ ಬಾಡಿಗೆಗೆ ಬಿಡುತ್ತಿದ್ದೇವೆ. ಬೀದಿಯ ಕಡೆಯಿಂದ ಬೇರೆ ಮೆಟ್ಟಿಲಿದೆ. ಅದರಲ್ಲಿ ಒಂದು ನಿನಗೆ. ಬಾಡಿಗೆಯ ಮಾತೇ ಇಲ್ಲ. ಫ್ಯಾನೂ ಇದೆ. ಊಟ ಮೇಲಕ್ಕೇ ಕಳಿಸುತ್ತೇನೆ.

ಇನ್ನೂ ಏನು ಬೇಕು ಹೇಳು?

ನಿನ್ನ
ಶಾಂತಾ


ಚಿಕ್ಕನಾಯಕನಹಳ್ಳಿ
2 ಡಿಸೆಂಬರ್ 1984

ಶಾಂತಾ,

ನಿಮ್ಮತ್ತೆ ಹೋದದ್ದು ಓದಿ ದುಃಖವಾಯಿತು.

ನಿನ್ನ ಮನಸ್ಸು ಒಳ್ಳೆಯದೇ. ಆದರೆ ನೀನು ಬರೆದದ್ದನ್ನು ನೀನೇ ಒಮ್ಮೆ ಓದು. ಸಿದ್ದಗಂಗಮ್ಮ ನಡುಮನೆಯಲ್ಲಿ ನಿನ್ನ ಪಕ್ಕ ಮಲಗುತ್ತಿದ್ದಳು. ಅಡಿಗೆಮನೆಯಲ್ಲಿ ಕೂತು ಉಣ್ಣುತ್ತಿದ್ದಳು. ತಿಮ್ಮಕ್ಕನಿಗೆ ಬೀದಿಯ ಮೆಟ್ಟಿಲು, ಮೇಲಕ್ಕೆ ಊಟ. ಅದಕ್ಕಿಂತ ನಾನು ದುಡ್ಡು ಕೊಟ್ಟು ಉಳಿಯುವ ಜಾಗವೇ ನನಗೆ ಹಿತ.

ಆದರೂ ಸಂಬಂಧ ಬೇಡ ಎನ್ನಲು ಮನಸ್ಸಾಗುತ್ತಿಲ್ಲ. ನೀನೇ ನಮ್ಮ ಮನೆಗೆ ಬಾ. ಆಸ್ಪತ್ರೆಯ ಕ್ವಾರ್ಟರ್ಸು, ಎರಡು ಕೋಣೆ. ಅಮ್ಮ ನನ್ನ ಜೊತೆಗಿದ್ದಾಳೆ. ನಾನು ನಿನ್ನ ಮನೆಯಲ್ಲಿ ಎಷ್ಟೋ ರಾತ್ರಿ ಉಳಿದಿದ್ದೇನೆ. ನೀನು ನಮ್ಮಲ್ಲಿ ಒಂದು ರಾತ್ರಿ ಉಳಿ. ಹಳೆಯದನ್ನೆಲ್ಲ ಬಿಟ್ಟುಬಿಡೋಣ.

ತಿಮ್ಮಿ


ತಿಪಟೂರು
25 ಫೆಬ್ರವರಿ 1985

ತಿಮ್ಮೀ,

ಚಿಕ್ಕನಾಯಕನಹಳ್ಳಿಯ ಮದುವೆ ನೆಪದಲ್ಲಾದರೂ ನಿನ್ನನ್ನು ನೋಡಿದ ಹಾಗಾಯಿತು. ಎಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದೀ ಮನೆ! ನಿಮ್ಮಮ್ಮ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಮದುವೆ ಊಟ ಆಗತಾನೇ ಆಗಿತ್ತು, ಕಾಫಿ ಕುಡಿದರೆ ನನಗೆ ಪಿತ್ತ, ಇಲ್ಲದಿದ್ದರೆ ಬೇಡ ಎನ್ನುತ್ತಿದ್ದೆನೇ? ನೀನು ಕೆತ್ತಿಸಿ ಕೊಟ್ಟ ಎಳನೀರು ಎಷ್ಟು ಸಿಹಿ ಇತ್ತು.

ರಾತ್ರಿ ಉಳಿಯಲು ನನಗೂ ಬಹಳ ಆಸೆಯಿತ್ತು. ಇವರಿಗೆ ಮಂಡಿಯಲ್ಲಿ ತುರ್ತು ಕೆಲಸ. ಓಡೋಡಿ ಹೋಗಿ ಐದರ ಬಸ್ಸು ಹಿಡಿದೆವು. ದೀಪ ಹಚ್ಚುವ ಹೊತ್ತಿಗೆ ತಿಪಟೂರಿನಲ್ಲಿದ್ದೆವು. ದಾರಿಯುದ್ದಕ್ಕೂ ನಿನ್ನದೇ ಮಾತು. ಇನ್ನೊಮ್ಮೆ ಬಂದಾಗ ಖಂಡಿತ ಉಳಿಯುತ್ತೇನೆ.

ನಿನ್ನ
ಶಾಂತಾ


ಚಿಕ್ಕನಾಯಕನಹಳ್ಳಿ
3 ಮಾರ್ಚ್ 1985

ಶಾಂತಕುಮಾರಿಯವರಿಗೆ,

ಆ ದಿನ ಐದರ ಬಸ್ಸು ಬರಲಿಲ್ಲ. ಹುಳಿಯಾರಿನಿಂದ ಬರುವ ದಾರಿಯಲ್ಲೇ ಕೆಟ್ಟು ನಿಂತಿತು. ಅದೇ ಕೊನೆಯ ಬಸ್ಸು.

ನನಗೆ ಹೇಳಿದ್ದು ನಮ್ಮ ಕಾಂಪೌಂಡರ್. "ತಿಪಟೂರಿಗೆ ಹೋಗೋರೆಲ್ಲ ಬಸ್ ಸ್ಟ್ಯಾಂಡಲ್ಲೇ ಸಿಕ್ಕಾಕ್ಕೊಂಡವ್ರೆ ಸಿಸ್ಟರ್" ಎಂದರು. ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಡ್ಯೂಟಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಮನೆಗೆ ಓಡಿದೆ. ದೇವರೇ ನಿನ್ನನ್ನು ನಿಲ್ಲಿಸಿದ ಎಂದುಕೊಂಡೆ. ಅವರೆಕಾಳು ಸಾರಿಗೆ ಇಟ್ಟೆ. ನಿಮ್ಮ ಯಜಮಾನರಿಗೆ ಮುದ್ದೆ ಸೇರುತ್ತದೋ ಇಲ್ಲವೋ ಎಂದು ಅನ್ನವನ್ನೂ ಮಾಡಿದೆ. ಪೆಟ್ಟಿಗೆಯಿಂದ ಹೊಸ ಚಾದರ ತೆಗೆದು ಮಂಚಕ್ಕೆ ಹಾಸಿದೆ. ಅಮ್ಮನ ಕಂಬಳಿಯನ್ನು ಹಿತ್ತಲ ಕಡೆಗೆ ಸರಿಸಿದೆ, ಬೀಡಿ ವಾಸನೆ ಎಂದು. ಅಮ್ಮ ಹಲ್ಲು ಬಿಟ್ಟುಕೊಂಡು "ಗಂಡ ಹೆಂಡ್ತಿ ಇಬ್ರೂ ಬತ್ತಾರಾ?" ಎಂದು ಕೇಳುತ್ತಲೇ ಇದ್ದಳು. ಇಬ್ಬರೂ ಎಂದೆ.

ಬಸ್ ಸ್ಟ್ಯಾಂಡಿಗೆ ಹೋಗಿ ಕರೆಯಬಹುದಿತ್ತು. ಹೊಸ್ತಿಲು ದಾಟಿ, ನಿಂತು, ತಿರುಗಿ ಬಂದೆ. ನಿಮ್ಮ ಕಾಲಲ್ಲೇ ನೀವು ಬರಬೇಕು ಎಂದಿತ್ತು. ದಾರಿ ಗೊತ್ತಿಲ್ಲದ ಮನೆಯೇನಲ್ಲ. ಬಾಗಿಲು ತೆರೆದಿಟ್ಟು ಕೂತೆ. ಸಾರು ಎರಡು ಸಲ ಬಿಸಿ ಮಾಡಿದೆ. ಕೊನೆಗೆ ಅಮ್ಮನೇ, "ಬರಾಕಿಲ್ಲ ಬುಡು ಮಗಾ, ನೀನುಣ್ಣು" ಎಂದಳು.

ಬೆಳಿಗ್ಗೆ ಡ್ಯೂಟಿಗೆ ಹೋಗುತ್ತಿದ್ದಾಗ ಬಸ್ ಸ್ಟ್ಯಾಂಡಿನ ಪಕ್ಕದ ಲಾಡ್ಜಿನಿಂದ ನೀವು ಇಳಿದು ಬಂದಿರಿ. ತಲೆಗೆ ಸ್ನಾನ ಮಾಡಿದ್ದಿರಿ. ಯಜಮಾನರ ಕೈಯಲ್ಲಿ ಮದುವೆಮನೆಯ ತಾಂಬೂಲದ ಚೀಲ. ನಾನು ಅಲ್ಲಿ ನಿಂತಿದ್ದ ತೆಂಗಿನಕಾಯಿ ಲಾರಿಯ ಹಿಂದಕ್ಕೆ ಸರಿದೆ. ನನ್ನನ್ನು ಕಂಡರೆ ಅಷ್ಟು ಬೆಳಿಗ್ಗೆ, ಬರಿಹೊಟ್ಟೆಯಲ್ಲಿ, ನೀವೊಂದು ಮಾತು ಹೊಂದಿಸಬೇಕಾಗುತ್ತಿತ್ತು. ಅದು ಬೇಡವೆನಿಸಿತು. ನೀವು ಬಸ್ಸು ಹತ್ತಿದಿರಿ. ಅದು ಹೊರಟ ಮೇಲೆ ನಾನು ರಸ್ತೆ ದಾಟಿದೆ.

ಲಾಡ್ಜಿನಲ್ಲಿ ಉಳಿದದ್ದಕ್ಕೆ ನನ್ನ ದೂರಿಲ್ಲ. ನಾನೂ ಉಳಿದವಳೇ. ಆದರೆ ಈ ಹನ್ನೆರಡು ವರ್ಷದಲ್ಲಿ ನಿಮ್ಮ ಮನೆಯಲ್ಲಿ ನಾನು ಯಾವ ಹೆಸರು ಹೊತ್ತಿದ್ದರೂ, ನಿಮಗೆ ಬರೆದ ಕಾಗದಗಳಲ್ಲಿ ನಾನು ನಾನೇ ಆಗಿದ್ದೆ. ನಿಮಗೂ ಅಷ್ಟು ಜಾಗ ಅಲ್ಲಿದೆ ಎಂದು ನಂಬಿದ್ದೆ. ಐದರ ಬಸ್ಸು, ದೀಪ ಹಚ್ಚುವ ಹೊತ್ತು ಎಂದೆಲ್ಲ ಓದಿದ ಮೇಲೆ ಆ ನಂಬಿಕೆಯೂ ಹೋಯಿತು.

ಅಮ್ಮ ನಿಮ್ಮ ಕಾಗದ ಬಂದದ್ದು ನೋಡಿ, ಏನು ಬರೆದಿದ್ದಾಳೆ ಎಂದು ಕೇಳಿದಳು. ಬಸ್ಸು ಸಿಕ್ಕಿತಂತೆ ಎಂದೆ. "ಸದ್ಯ, ತಾಯಿ, ನಾನೆಲ್ಲೋ ನಮ್ಮನೇಗೆ ಬರಾಕೆ ಅಸಹ್ಯ ಪಟ್ಕಂಡ್ರೇನೋ ಅಂದ್ಕಂಡಿದ್ದೆ" ಎಂದು ನಿರಾಳವಾಗಿ ಎಲೆ ಅಡಿಕೆ ಹಾಕಿಕೊಂಡಳು.

ಕೆ. ತಿಮ್ಮಕ್ಕ